ಕೌಲೆಯ ರಕ್ತ

ನಮ್ಮ ಮನೆಯ ಹಸು ಕೌಲೆಗೆ ಯಾವ ಕಾಯಿಲೆಯೂ ಇರಲಿಲ್ಲ. ಅದಕ್ಕಾಗಿಯೇ ನನಗೆ ಅದರ ರಕ್ತ ಬೇಕಾಗಿತ್ತು.

ಅಮ್ಮನಿಗೆ ಈ ಮಾತು ಒಂದಿಷ್ಟೂ ಹಿಡಿಸಲಿಲ್ಲ. “ಸೀಕಾದ ದನದ ರಕ್ತ ತೆಗೆಯುವುದನ್ನು ನೋಡಿದ್ದೇನೆ. ಗಟ್ಟಿಮುಟ್ಟಾಗಿ ಮೇಯುತ್ತಿರುವವಳ ಕುತ್ತಿಗೆಗೆ ಸೂಜಿ ಯಾಕೆ ಕೂಸೇ? ಅದೂ ಎರಡು ತಿಂಗಳ ಗಬ್ಬ” ಎಂದು ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಳು. ನನಗೆ ಮೂವತ್ತೆಂಟು ತುಂಬಿದೆ, ತಲೆಯಲ್ಲಿ ಬಿಳಿಕೂದಲು ಬಂದಿದೆ; ಆ ಬಾಗಿಲಲ್ಲಿ ನಾನಿನ್ನೂ ಕೂಸೇ. ಜೊತೆಗೆ ಬಂದಿದ್ದ ಪಶುವೈದ್ಯರು ನಗು ತಡೆದುಕೊಂಡು ಗೋದಲಿಯ ಕಡೆ ನೋಡುತ್ತಿದ್ದರು.

ನಾನು ಶಿವಮೊಗ್ಗದ ಒಂದು ಪ್ರಯೋಗಾಲಯದಲ್ಲಿ ದನಗಳ ರಕ್ತ ಪರೀಕ್ಷಿಸುವವಳು. ಊರು ತೀರ್ಥಹಳ್ಳಿಯಿಂದಾಚೆ, ಆಗುಂಬೆ ರಸ್ತೆ ಬಿಟ್ಟು ಮಣ್ಣುದಾರಿಯಲ್ಲಿ ಒಳಗೆ. ಥೈಲೇರಿಯಾ ಎಂಬ ಪರೋಪಜೀವಿಯನ್ನು ಹಸುವಿನ ರಕ್ತದಲ್ಲಿ ಬೇಗ ಪತ್ತೆಹಚ್ಚುವ ಪರೀಕ್ಷೆಯೊಂದನ್ನು ನಮ್ಮಲ್ಲಿ ನಿಲ್ಲಿಸಲು ನಾವು ಮೂವರು ಹೆಣಗುತ್ತಿದ್ದೇವೆ. ಪರೀಕ್ಷೆ ಎಂದರೆ ಎರಡು ಮಾತು ಕಲಿಯಬೇಕು: ‘ಇದೆ’ ಮತ್ತು ‘ಇಲ್ಲ’. ‘ಇದೆ’ ಎನ್ನುವುದನ್ನು ಕಲಿಸಲು ಸೀಕಾದ ಹಸುವಿನ ರಕ್ತ ಸಾಕು. ‘ಇಲ್ಲ’ ಎನ್ನುವುದನ್ನು ಕಲಿಸಲು ಪೂರ್ತಿ ಶುದ್ಧವಾದ ರಕ್ತ ಬೇಕು. ಹುಟ್ಟಿದಂದಿನಿಂದ ಒಂದು ದಿನ ಮೇವು ಬಿಡದ, ಜ್ವರ ಕಾಣದ ಕೌಲೆಗಿಂತ ಶುದ್ಧ ರಕ್ತ ಎಲ್ಲಿ ಸಿಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಈ ಹುಚ್ಚು ಹತ್ತಿದ್ದು ಪಕ್ಕದ ಮನೆಯ ಚಿಕ್ಕಪ್ಪನ ಹಸುವಿನಿಂದ. ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಅವರು ಬಯಲುಸೀಮೆಯಿಂದ ಒಂದು ಎಚ್‌.ಎಫ್‌. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ತಂದರು. ಕಪ್ಪು-ಬಿಳುಪು ಮೈ, ಎಮ್ಮೆಯಂಥ ಆಳ್ತನ, ಹೊತ್ತಿಗೆ ಎಂಟು ಲೀಟರ್ ಹಾಲು. ನಮ್ಮ ಗಿಡ್ಡ ತಳಿಯ ದನಗಳು ಅದರ ಹೊಟ್ಟೆಯ ಕೆಳಗೆ ನುಸುಳಬಹುದಿತ್ತು. ಬಂದು ಎರಡು ವಾರ ಆಗುವಷ್ಟರಲ್ಲಿ ಮೇವು ಬಿಟ್ಟಿತು. ಜ್ವರ 106 ಡಿಗ್ರಿ. ಭುಜದ ಮುಂದೆ ಚರ್ಮದಡಿಯಲ್ಲಿರುವ ಗಂಟು ಊದಿ ಮಾವಿನಕಾಯಿಯಷ್ಟಾಗಿತ್ತು. ಚಿಕ್ಕಪ್ಪ ಅದನ್ನು ಕೈಯಲ್ಲಿ ಹಿಡಿದು ತೋರಿಸಿದರು; ಹಸು ಮುಖ ಕೂಡ ತಿರುಗಿಸಲಿಲ್ಲ. ನಾಲ್ಕು ದಿನ ಸಾಮಾನ್ಯ ಜ್ವರದ ಚುಚ್ಚುಮದ್ದು ನಡೆಯಿತು. ರಕ್ತದ ಸ್ಲೈಡ್ ಹೋಗಬೇಕಾದಲ್ಲಿಗೆ ಹೋಗಿ, ಬರಬೇಕಾದ ಫಲಿತಾಂಶ ಬರುವ ಹೊತ್ತಿಗೆ ಚಿಕ್ಕಪ್ಪ ತೋಟದ ಅಂಚಿನಲ್ಲಿ ಗುಂಡಿ ತೋಡಿ, ಉಪ್ಪು ಸುರಿದು, ಮಣ್ಣು ಮುಚ್ಚಿ, ಸ್ನಾನ ಮಾಡಿ ಜಗಲಿಯಲ್ಲಿ ಕೂತಿದ್ದರು. ಆ ಚೀಟಿಯಲ್ಲಿ ‘ಥೈಲೇರಿಯಾ’ ಎಂದು ಬರೆದಿತ್ತು. ಅದಕ್ಕೆ ಔಷಧಿ ಇಲ್ಲ ಎಂದಲ್ಲ. ಬುಪಾರ್ವಾಕ್ವೋನ್ ಎಂಬ ಚುಚ್ಚುಮದ್ದು ಬೇಗ ಬಿದ್ದರೆ ಹಸು ಏಳುತ್ತದೆ. ದುಬಾರಿ ಔಷಧಿ, ಖಾತ್ರಿಯಿಲ್ಲದೆ ಕೊಡಲು ವೈದ್ಯರೂ ಹಿಂಜರಿಯುತ್ತಾರೆ, ಕೊಡಿಸಲು ಮನೆಯವರೂ ಹಿಂಜರಿಯುತ್ತಾರೆ.

ಮರುದಿನ ಅವರ ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಥೈಲೇರಿಯಾ ಹರಡುವ, ರಕ್ತ ಹೀರುವ ಉಣುಗುಗಳು ಸಾಲುಗಟ್ಟಿ ಕೂತಿದ್ದವು. ನಮ್ಮ ಕಾಡಿನ ಉಣುಗಿನಂತಲ್ಲ. ದೊಡ್ಡವು, ಕಾಲಿನ ಗಂಟುಗಂಟಿಗೂ ತೆಳುಬಣ್ಣದ ಪಟ್ಟೆ. ಹಯಲೋಮಾ. ಒಣ ಸೀಮೆಯ ಜೀವಿ, ಹಸುವಿನ ಜೊತೆ ಲಾರಿ ಹತ್ತಿ ಬಂದಿತ್ತು. ಮಲೆನಾಡಿನವರಿಗೆ ಉಣುಗು ಎಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಕಾಯಿಲೆ ಅದು. ಈಗಲೂ ಬೇಸಿಗೆಯ ಮುಂಚೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆಯ ಶೀಶೆ ಹಂಚುತ್ತಾರೆ, ದರಗು (ಒಣ ಎಲೆ) ತರಲು ಹೋಗುವವರು ಕೈಕಾಲಿಗೆ ಸವರಿಕೊಂಡು ಹೋಗುತ್ತಾರೆ. ಅದು ವೈರಾಣು, ಅದನ್ನು ಹರಡುವ ಉಣುಗಿನ ಜಾತಿಯೂ ಬೇರೆ. ಥೈಲೇರಿಯಾ ಒಂದೇ ಕೋಶದ ಪರೋಪಜೀವಿ, ಮಲೇರಿಯಾದ ದೂರದ ನೆಂಟ. ದನದ ಈ ಕಾಯಿಲೆ ಮನುಷ್ಯರಿಗೆ ಬರುವುದಿಲ್ಲ. ಈ ಕೊನೆಯ ವಾಕ್ಯವನ್ನು ನಮ್ಮೂರಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಉಣುಗಿನ ಜೊಲ್ಲಿನಿಂದ ಇಳಿದ ಥೈಲೇರಿಯಾ ಮೊದಲು ಬಿಳಿ ರಕ್ತಕಣ ಹೊಗುತ್ತದೆ. ಹೊಕ್ಕು ಸುಮ್ಮನಿರುವುದಿಲ್ಲ; ಆ ಕಣವನ್ನೇ ಕ್ಯಾನ್ಸರ್ ಕೋಶದಂತೆ ಎಗ್ಗಿಲ್ಲದೆ ಒಡೆದು ಹೆಚ್ಚುವಂತೆ ಮಾಡಿ, ತಾನೂ ಅದರೊಂದಿಗೆ ಪಾಲಾಗುತ್ತ ಹೋಗುತ್ತದೆ. ಗಂಟು ಊದುವುದು ಅದರಿಂದಲೇ. ಆ ಗಂಟಿನಿಂದ ಸೂಜಿಯಲ್ಲಿ ರಸ ಎಳೆದು ಬಣ್ಣ ಹಾಕಿದರೆ ಬಿಳಿ ಕಣದೊಳಗೆ ನೀಲಿ ಮುದ್ದೆಗಳು ಕಾಣುತ್ತವೆ. ಅವಕ್ಕೆ ಕ್ಷಯದ ರೋಗಾಣು ಕಂಡುಹಿಡಿದ ರಾಬರ್ಟ್ ಕಾಕ್‌ ಅವರ ಹೆಸರಿದೆ, ‘ಕಾಕ್ಸ್ ಬ್ಲೂ ಬಾಡೀಸ್’ ಎಂದು. ಆಮೇಲೆ ಪರೋಪಜೀವಿ ಕೆಂಪು ಕಣಗಳಿಗೆ ಹಾಯುತ್ತದೆ. ನಮಗೆ ಸ್ಲೈಡಿನಲ್ಲಿ ಸಾಮಾನ್ಯವಾಗಿ ಸಿಗುವುದು ಈ ಹಂತ.

ಕಿವಿಯ ಅಂಚಿನ ನರ ಚುಚ್ಚಿ ಬಂದ ಒಂದು ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಮೆಥನಾಲಿನಲ್ಲಿ ಅದ್ದಿ, ಗೀಮ್ಸಾ ಬಣ್ಣ ಹಾಕುತ್ತೇವೆ. ಹ್ಯಾಂಬರ್ಗಿನ ಗುಸ್ಟಾವ್ ಗೀಮ್ಸಾ 1904ರಲ್ಲಿ ಕೊಟ್ಟ ಬಣ್ಣ. ನೂರು ವರ್ಷ ದಾಟಿದರೂ ನಮ್ಮ ಮೇಜಿನಿಂದ ಕೆಳಗಿಳಿದಿಲ್ಲ. ಎಣ್ಣೆ ಹನಿ ಬಿಟ್ಟು ನೂರರ ಲೆನ್ಸ್ ಇಳಿಸಿದರೆ ಬೂದುಗುಲಾಬಿ ಕಣಗಳ ನಡುವೆ ಒಂದರೊಳಗೆ ಉಂಗುರ, ಇನ್ನೊಂದರೊಳಗೆ ಅಲ್ಪವಿರಾಮ. ನೀಲಿ ಮೈ, ತುದಿಯಲ್ಲಿ ನೇರಳೆ ಚುಕ್ಕೆ. ಮೊದಲ ವರ್ಷ ಬಣ್ಣದ ಕೊಳೆಯೂ ನನಗೆ ಥೈಲೇರಿಯಾ ಆಗಿ ಕಾಣುತ್ತಿತ್ತು. ಈಗ ಕೊಳೆ ಮಿನುಗುತ್ತದೆ, ಪರೋಪಜೀವಿ ಮಿನುಗುವುದಿಲ್ಲ ಎಂದು ಹೊಸಬರಿಗೆ ಹೇಳಿಕೊಡುತ್ತೇನೆ. ಪಾಠಪುಸ್ತಕದಲ್ಲಿ ಈ ಮಾತಿಲ್ಲ, ಕಣ್ಣು ಕಲಿತದ್ದು.

ಆದರೆ ಕಣ್ಣಿಗೂ ಮಿತಿಯಿದೆ. ಒಂದು ನೋಟಕ್ಕೆ ಸುಮಾರು ಇನ್ನೂರು ಕಣ ಎಂದುಕೊಂಡರೆ, ಬೆನ್ನು ನೋಯುವವರೆಗೆ ನೂರು ನೋಟ ನೋಡಿದರೂ ಇಪ್ಪತ್ತು ಸಾವಿರ ಕಣ. ಲಕ್ಷಕ್ಕೊಂದು ಕಣದಲ್ಲಿ ಅಡಗಿದ್ದರೆ ಕೈಗೆ ಸಿಗುವುದು ಅದೃಷ್ಟದ ಮಾತು. ಅದೇ ಹಸುವಿನ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಸಾಸಿವೆ ಕಾಳಿನಷ್ಟು ಹನಿಯಲ್ಲಿ, ಐವತ್ತು ಲಕ್ಷದಿಂದ ಒಂದು ಕೋಟಿ ಕೆಂಪು ಕಣಗಳಿರುತ್ತವೆ. ಲಕ್ಷಕ್ಕೊಂದು ಎಂದರೂ ಐವತ್ತರಿಂದ ನೂರು ಪರೋಪಜೀವಿಗಳು ಅಲ್ಲಿ ಕೂತಿವೆ. ನನ್ನ ಕಣ್ಣು ‘ಇಲ್ಲ’ ಎನ್ನುತ್ತದೆ, ರಕ್ತ ‘ಇದೆ’ ಎನ್ನುತ್ತದೆ. ಪರೋಪಜೀವಿಯ ಡಿಎನ್‌ಎ ತುಣುಕನ್ನು ಕೋಟಿಗಟ್ಟಲೆ ನಕಲು ಮಾಡಿ ಕಾಣಿಸುವ ಪಿಸಿಆರ್ ಪರೀಕ್ಷೆ ಬೇಕಾದದ್ದು ಈ ಅಂತರಕ್ಕೆ.

ಕೊನೆಗೆ ಅಮ್ಮ ಸೋತಳು. ಕೌಲೆಯ ಹಣೆ ಸವರುತ್ತ ತಾನೇ ಹಿಡಿದುಕೊಂಡಳು, ಮುಖ ಮಾತ್ರ ಆಚೆಗೆ. ವೈದ್ಯರು ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ನೇರಳೆ ಮುಚ್ಚಳದ ಟ್ಯೂಬಿಗೆ ಐದು ಮಿಲಿಲೀಟರ್ ಎಳೆದರು. ಅದೇ ಕೆಲಸ ಮಾಡುವ ಹೆಪಾರಿನ್ ಟ್ಯೂಬ್ ಬೇಡವೆಂದು ನಾನೇ ಹೇಳಿದ್ದೆ. ಹೆಪಾರಿನ್ ಪಿಸಿಆರ್‌ನ ಕತ್ತು ಹಿಸುಕುತ್ತದೆ. ರಕ್ತದ ಕೆಂಪಿಗೂ ಅದೇ ಚಾಳಿ, ಅದನ್ನು ತೊಳೆದು ತೆಗೆಯುವುದಕ್ಕೇ ಅರ್ಧ ದಿನ ಬೇಕು. ವೈದ್ಯರು ಆಗುಂಬೆ ಕಡೆ ಹೋಗಬೇಕಿತ್ತು, ನಾನು ಬಸ್ಸಿಗೆ ಬಂದೆ. ಐಸ್ ತುಂಬಿದ ಡಬ್ಬಿ ಚೀಲದಲ್ಲಿ. ಮಂಡಗದ್ದೆ ದಾಟುವಾಗ ನೀರು ಸೋರಿ ಬಸ್ಸಿನ ನೆಲದ ಮೇಲೆ ಗೆರೆಯಾಗಿ ಹರಿಯಿತು. ಕಂಡಕ್ಟರ್ ಬಂದು, “ಏನಮ್ಮಾ ಅದು, ಮೀನಾ?” ಎಂದರು. “ಅಲ್ಲ, ಮೊಸರು” ಎಂದೆ. ಮೀನಿಗೆ ಬೈಯುತ್ತಿದ್ದರು, ರಕ್ತ ಎಂದರೆ ಇಳಿಸಿಯೇ ಬಿಡುತ್ತಿದ್ದರು. ಗಾಜನೂರಿನವರೆಗೂ ಪಕ್ಕದ ಹೆಂಗಸು ನನ್ನ ಮೊಸರನ್ನು ಅನುಮಾನದಿಂದಲೇ ನೋಡುತ್ತಿದ್ದಳು.

ಎರಡು ದಿನ ಬಿಟ್ಟು, ನಕಲಾದ ಡಿಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸಿ ತೋರಿಸುವ ಜೆಲ್ ಓಡಿಸಿದೆವು; ಗೆರೆ ಮೂಡಿದರೆ ‘ಇದೆ’ ಎಂದರ್ಥ. ಮೊದಲ ಸಾಲಿನಲ್ಲಿ ಅಳತೆಯ ಏಣಿ, ಎರಡನೆಯದು ಥೈಲೇರಿಯಾ ಇದೆಯೆಂದು ಗೊತ್ತಿರುವ ರಕ್ತ, ಮೂರನೆಯದು ಕೌಲೆ, ನಾಲ್ಕನೆಯದು ಬರಿ ನೀರು. ನೇರಳಾತೀತ ಬೆಳಕು ಹಾಕಿದೊಡನೆ ಎರಡನೆಯ ಸಾಲಿನಲ್ಲಿ ಕಿತ್ತಳೆ ಗೆರೆ. ಮೂರನೆಯದರಲ್ಲೂ ಗೆರೆ. ತೆಳ್ಳಗಿತ್ತು, ಆದರೆ ಗೆರೆ.

ನಾನು ಕೌಲೆಯನ್ನು ಅನುಮಾನಿಸಲಿಲ್ಲ, ನನ್ನ ಕೈಯನ್ನು ಅನುಮಾನಿಸಿದೆ. ನಮ್ಮ ಕಸುಬಿನಲ್ಲಿ ಕಾಣುವ ಭೂತವೆಂದರೆ ಮೈಲಿಗೆ. ಪಾಸಿಟಿವ್ ಟ್ಯೂಬಿನ ಮುಚ್ಚಳ ತೆಗೆದ ಕೈಗವಸಿನಲ್ಲಿ ಪಕ್ಕದ ಟ್ಯೂಬ್ ಮುಟ್ಟಿದರೆ ಮುಗಿಯಿತು. ಮೇಜು ಬ್ಲೀಚಿನಲ್ಲಿ ಒರೆಸಿದೆ, ನೀರು ಬದಲಿಸಿದೆ, ಪಿಪೆಟ್ ಬದಲಿಸಿದೆ, ಬೇರೆ ಕೋಣೆಯಲ್ಲಿ ಕೂತು ಮಿಶ್ರಣ ಮಾಡಿದೆ. ನಮ್ಮಜ್ಜಿ ಮಡಿಯಲ್ಲಿ ಅಡುಗೆಮನೆಗೆ ಹೋಗುತ್ತಿದ್ದದ್ದನ್ನು ನೋಡಿ ನಕ್ಕವಳು ನಾನು. ಈಗ ಅವಳಿಗಿಂತ ಹೆಚ್ಚು ಮಡಿ. ಮೂರು ಸಲ ಮಾಡಿದೆ. ನೀರಿನ ಸಾಲು ಮೂರು ಸಲವೂ ಖಾಲಿ, ಕೌಲೆಯ ಸಾಲಿನಲ್ಲಿ ಮೂರು ಸಲವೂ ಗೆರೆ.

ತಪ್ಪು ಪ್ರೈಮರಿನದೂ ಅಲ್ಲ, ನಾವು ಅದಕ್ಕೆ ಕೇಳಿದ ಪ್ರಶ್ನೆಯದು. ಪ್ರೈಮರ್ ಎಂದರೆ ನಮಗೆ ಬೇಕಾದ ಡಿಎನ್‌ಎಯನ್ನು ಹುಡುಕಿ ಅಂಟಿಕೊಳ್ಳುವ ಸಣ್ಣ ಡಿಎನ್‌ಎ ತುಂಡು, ಒಂದು ಬಗೆಯ ಕೂಗು. ತೀರ್ಥಹಳ್ಳಿ ಬಸ್ ನಿಲ್ದಾಣದಲ್ಲಿ ನಿಂತು “ಮಂಜಣ್ಣಾ” ಎಂದು ಕೂಗಿದರೆ ನಾಲ್ಕು ಜನ ತಿರುಗುತ್ತಾರೆ. ನಾವು ಮೊದಲು ಬಳಸಿದ್ದು ಇಡೀ ಥೈಲೇರಿಯಾ ಕುಲವನ್ನು ಕೂಗುವ ಪ್ರೈಮರ್, 1098 ಬೇಸ್ ಜೋಡಿ (ಡಿಎನ್‌ಎ ಉದ್ದದ ಅಳತೆ) ಉದ್ದದ ತುಣುಕು ಕೊಡುವಂಥದ್ದು. ಯಾರೇ ತಿರುಗಿದರೂ ಗೆರೆ ಒಂದೇ. ಆಮೇಲೆ ಹೆಸರಿನ ಜೊತೆ ಮನೆಯ ಹೆಸರನ್ನೂ ಸೇರಿಸಿ ಕೂಗಿದೆವು. ಚಿಕ್ಕಪ್ಪನ ಹಸುವನ್ನು ಕೊಂದಂಥ ಥೈಲೇರಿಯಾ ಆನ್ಯುಲೇಟಾಗೆ 721ರ ತುಣುಕು, ಅದರ ದಾಯಾದಿ ಥೈಲೇರಿಯಾ ಓರಿಯೆಂಟಾಲಿಸ್‌ಗೆ 776ರ ತುಣುಕು. ಇವೆರಡೂ ಜೆಲ್ಲಿನಲ್ಲಿ ಮೈಗೆ ಮೈ ತಾಗಿಸಿಕೊಂಡಷ್ಟು ಹತ್ತಿರ, ಅದಕ್ಕೇ ಬೇರೆ ಬೇರೆ ಟ್ಯೂಬಿನಲ್ಲಿ ಮಾಡಬೇಕು. ಕೌಲೆ ಮೊದಲನೆಯ ಕೂಗಿಗೆ ಓಗೊಡಲಿಲ್ಲ. ಎರಡನೆಯದಕ್ಕೆ ತಿರುಗಿತು.

ಓರಿಯೆಂಟಾಲಿಸ್ ಹೀಮಫೈಸಾಲಿಸ್ ಜಾತಿಯ ಉಣುಗಿನಿಂದ ಬರುತ್ತದೆ, ಅಂದರೆ ನಮ್ಮ ಕಾಡಿನ ಉಣುಗಿನ ಬಳಗ. ಸೊಪ್ಪಿನಬೆಟ್ಟದಲ್ಲಿ ಮೇಯುವ ದನಕ್ಕೆ ಅದು ಹತ್ತದಿರುವುದೇ ಆಶ್ಚರ್ಯ. ಬಹಳ ಸಲ ಏನೂ ಮಾಡದೆ ರಕ್ತದಲ್ಲಿ ಬಾಡಿಗೆದಾರನ ಹಾಗೆ ಇದ್ದುಬಿಡುತ್ತದೆ. ಯಾವಾಗಲೂ ಹಾಗೆಯೇ ಎನ್ನುವಂತಿಲ್ಲ. ಆಸ್ಟ್ರೇಲಿಯಾದಲ್ಲಿ 2006ರಿಂದ, ನ್ಯೂಜಿಲೆಂಡಿನಲ್ಲಿ 2012ರಿಂದ ಇದರ ಇಕೆಡಾ ಎಂಬ ಬಗೆ ದನಗಳನ್ನು ರಕ್ತಹೀನತೆಯಿಂದ ಮಲಗಿಸಿದೆ; ಪಕ್ಕದ ಕೇರಳದಲ್ಲೂ ಮಿಶ್ರತಳಿ ಹಸುಗಳು ನರಳಿದ ವರದಿಗಳಿವೆ. ಕರು ಹಾಕುವ ಹೊತ್ತಿನ ಆಯಾಸದಲ್ಲಿ ತಲೆಯೆತ್ತುವುದೂ ಉಂಟು. ಕೌಲೆ ಗಬ್ಬ ಎಂಬುದು ಆಗ ನನ್ನ ತಲೆಯಲ್ಲಿ ಮೊಳೆಯಂತೆ ಕೂತಿತು.

ನಾನು ಮಾಡಿದ ತಪ್ಪು ಫೋನಿನಲ್ಲಿ. “ಅಮ್ಮಾ, ಕೌಲೆ ಪಾಸಿಟಿವ್” ಎಂದೆ. ಮುಂದಿನ ವಾಕ್ಯ ಹೇಳುವಷ್ಟರಲ್ಲಿ ಸಿಗ್ನಲ್ ಹೋಯಿತು. ಕೊರೋನಾ ಕಂಡ ಊರಿನಲ್ಲಿ ಆ ಪದಕ್ಕೆ ಇನ್ನೊಂದು ಅರ್ಥ ಉಳಿದಿಲ್ಲ. ಸಂಜೆಯೊಳಗೆ ಕೇರಿಗೆಲ್ಲ ಸುದ್ದಿ. ದಿನಾ ಅರ್ಧ ಲೀಟರ್ ಒಯ್ಯುತ್ತಿದ್ದ ಕೆಳಮನೆಯ ದೊಡ್ಡಮ್ಮ ನಾಲ್ಕು ದಿನ ಪ್ಯಾಕೆಟ್ ಹಾಲು ತರಿಸಿದರು. ದನದ ದಲ್ಲಾಳಿಯೊಬ್ಬ ಬಂದು ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತ, “ಸೀಕಿನ ಹಸು ಇಟ್ಟುಕೊಂಡು ಏನು ಮಾಡುತ್ತೀರಿ ಅಮ್ಮ?” ಎಂದು ಅರ್ಧ ಬೆಲೆ ಹೇಳಿದನಂತೆ. ಅಮ್ಮ ಅವನನ್ನು ಕೊಟ್ಟಿಗೆಗೆ ಕರೆದೊಯ್ದು, ಅಕ್ಕಚ್ಚಿನ ಬಕೆಟ್ಟಿಗೆ ತಲೆ ಹಾಕಿ ಬಾಲ ಬೀಸುತ್ತಿದ್ದ ಕೌಲೆಯನ್ನು ತೋರಿಸಿ, “ಸೀಕು ಎಲ್ಲಿದೆ, ತೋರಿಸು” ಎಂದು ಕೇಳಿದಳಂತೆ.

ವಾರದ ಕೊನೆಗೆ ನಾನು ಹೋದಾಗ ಅದೇ ಪ್ರಶ್ನೆ ನನಗೆ ಬಂತು. “ಅವಳ ಮೈಯಲ್ಲಿ ಹುಳ ಇದೆ ಎನ್ನುತ್ತೀಯ, ಕಾಯಿಲೆ ಇಲ್ಲ ಎನ್ನುತ್ತೀಯ. ಯಾವುದು ಸರಿ?” ಎರಡೂ ಸರಿ ಎಂದೆ. “ಹಾಗಿದ್ದರೆ ನಿನ್ನ ಪರೀಕ್ಷೆ ಏನು ಹೇಳಿದ ಹಾಗಾಯಿತು?”

ಪ್ರಯೋಗಾಲಯದ ಸಭೆಗಳಲ್ಲಿ ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಪರೋಪಜೀವಿಯ ಗುರುತು ಹಿಡಿಯುವ ಸಂಭ್ರಮದಲ್ಲಿ ನಾವು ಹಸುವನ್ನೇ ಮರೆತಿದ್ದೆವು. ಇನ್ನೊಂದು ದಾರಿ ಎಲೈಸಾ. ಅದು ರೋಗಾಣುವಿನ ವಿರುದ್ಧ ಹಸುವಿನ ಮೈ ತಯಾರಿಸಿದ ಪ್ರತಿಕಾಯ ನೋಡುವ ರಕ್ತಪರೀಕ್ಷೆ. ಆದರೆ ಪ್ರತಿಕಾಯ ಹಳೆಯ ಜಗಳದ ನೆನಪು. ಉಣುಗು ಇರುವ ಸೀಮೆಯಲ್ಲಿ ಬೆಳೆದ ದನಕ್ಕೆ ಆ ನೆನಪು ಇದ್ದೇ ಇರುತ್ತದೆ, ಇವತ್ತಿನ ಜ್ವರಕ್ಕೆ ಕಾರಣ ಅದೇ ಎಂದು ಅದರಿಂದ ಹೇಳಲಾಗದು. ಪರೀಕ್ಷೆ ಸೂಕ್ಷ್ಮವಾದಷ್ಟೂ ಒಳ್ಳೆಯದು ಎಂದು ಓದುವಾಗ ಕಲಿತಿದ್ದೆ. ಸೂಕ್ಷ್ಮವಾದಷ್ಟೂ ಅದು ಬಾಡಿಗೆದಾರನನ್ನೂ ಕಳ್ಳನನ್ನೂ ಒಂದೇ ಪಟ್ಟಿಯಲ್ಲಿ ಬರೆಯುತ್ತದೆ ಎಂದು ಕೌಲೆ ಕಲಿಸಿತು. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ: ಸಾವಿರ ಹಸು, ಅದರಲ್ಲಿ ನಿಜಕ್ಕೂ ಸೀಕಾದವು ಹತ್ತು. ಪರೀಕ್ಷೆ ಎರಡೂ ಕಡೆ ನೂರಕ್ಕೆ ತೊಂಬತ್ತೈದು ಸರಿ ಎಂದಿಟ್ಟುಕೊಳ್ಳಿ. ಸೀಕಾದ ಹತ್ತರಲ್ಲಿ ಒಂಬತ್ತೋ ಹತ್ತೋ ಸಿಗುತ್ತವೆ. ಸೀಕಿಲ್ಲದ 990ರಲ್ಲಿ ಸುಮಾರು ಐವತ್ತು ಹಸುಗಳ ಚೀಟಿಯಲ್ಲೂ ಪಾಸಿಟಿವ್ ಎಂದೇ ಬರುತ್ತದೆ. ಐವತ್ತು ಮನೆಗಳಲ್ಲಿ ಜಗಲಿಗೆ ದಲ್ಲಾಳಿ ಬರುತ್ತಾನೆ.

ಈಗ ನಮ್ಮ ಚೀಟಿ ಬದಲಾಗಿದೆ. ಯಾವ ಥೈಲೇರಿಯಾ ಎಂದು ಹೆಸರು, ಸ್ಲೈಡಿನಲ್ಲಿ ಕಂಡಿತೋ ಇಲ್ಲವೋ, ಅದರ ಪಕ್ಕದಲ್ಲೇ ಆ ದಿನದ ಜ್ವರ ಮತ್ತು ರಕ್ತದಲ್ಲಿ ಕೆಂಪು ಕಣಗಳ ಪಾಲು. ಕೌಲೆಯದು 33 ಶೇಕಡಾ ಇತ್ತು. ದನಕ್ಕೆ 24ರ ಮೇಲಿದ್ದರೆ ಚಿಂತೆಯಿಲ್ಲ. ‘ಪಾಸಿಟಿವ್’ ಎಂಬ ಒಂಟಿ ಪದ ಚೀಟಿಯಲ್ಲಿ ಹೋಗಬಾರದು ಎಂದು ನಾನು ಹಟ ಹಿಡಿದೆ. ಸಹೋದ್ಯೋಗಿಯೊಬ್ಬರಿಗೆ ಇದು ಇನ್ನೂ ಅನಗತ್ಯ ಉದ್ದವೆನ್ನಿಸುತ್ತದೆ. ಅವರ ಮನೆಯಲ್ಲಿ ಹಸು ಇಲ್ಲ.

ಇದರ ನಡುವೆ ಬೇಸಿಗೆ ರಜೆಗೆ ಹೋದಾಗ ಡಿಎನ್‌ಎ ನಕಲು ಮಾಡುವ ಇನ್ನೊಂದು ದಾರಿಯಾದ ಲ್ಯಾಂಪ್ ವಿಧಾನವನ್ನು ಮನೆಯಲ್ಲೇ ಪರೀಕ್ಷಿಸಿದೆ. ಜಪಾನಿನವರು 2000ದಲ್ಲಿ ಪ್ರಕಟಿಸಿದ ವಿಧಾನ ಇದು. ಪಿಸಿಆರ್‌ನಂತೆ 94 ಡಿಗ್ರಿ ಸೆಲ್ಸಿಯಸ್‌ಗೆ ಏರಿ, ಇಳಿದು, ಮತ್ತೆ 72ಕ್ಕೆ ಏರುವ ಯಂತ್ರ ಬೇಡ. 60ರಿಂದ 65 ಡಿಗ್ರಿಯ ಒಂದೇ ಬಿಸಿ ಒಂದು ಗಂಟೆ ಸಿಕ್ಕರೆ ಸಾಕು. ಮಳೆಗಾಲದಲ್ಲಿ ಮೂರು ಮೂರು ದಿನ ಕರೆಂಟ್ ಇರದ ಊರಿಗೆ ಹೇಳಿ ಮಾಡಿಸಿದ ಹಾಗೆ. ಬಚ್ಚಲ ಹಂಡೆಯಿಂದ ಕುದಿನೀರು ತೋಡಿ, ತಣ್ಣೀರು ಬೆರೆಸಿ 66ಕ್ಕೆ ತಂದು ಥರ್ಮಾಸಿಗೆ ಸುರಿದೆ. ಪ್ರಯೋಗಾಲಯದಿಂದ ತಂದಿದ್ದ ನಾಲ್ಕು ಪುಟ್ಟ ಟ್ಯೂಬುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹೂ ಕಟ್ಟುವ ಬಾಳೆನಾರಿನಲ್ಲಿ ಇಳಿಬಿಟ್ಟು ಮುಚ್ಚಳ ತಿರುಗಿಸಿದೆ. ಎರಡರಲ್ಲಿ ಥೈಲೇರಿಯಾದ ಡಿಎನ್‌ಎ, ಎರಡರಲ್ಲಿ ನೀರು. ಅಮ್ಮ ಅಡಿಕೆ ಹಾಳೆಯ ಮೇಲೆ ಹಲಸಿನ ಹಪ್ಪಳ ಹರಡುತ್ತ ಗಡಿಯಾರ ನೋಡುವ ಕೆಲಸ ವಹಿಸಿಕೊಂಡಳು. ಮುಕ್ಕಾಲು ಗಂಟೆಗೆ ತೆಗೆದಾಗ ನೀರು 63ಕ್ಕೆ ಇಳಿದಿತ್ತು. ನೀರಿನ ಎರಡು ಟ್ಯೂಬ್ ಗುಲಾಬಿಯಾಗೇ ಉಳಿದಿದ್ದವು, ಡಿಎನ್‌ಎ ಇದ್ದ ಎರಡು ಹಳದಿಗೆ ತಿರುಗಿದ್ದವು. ಅಮ್ಮ ಹಳದಿಯದನ್ನು ಬೆಳಕಿಗೆ ಹಿಡಿದು, “ಕುಂಕುಮದ ನೀರು ಅರಿಶಿನವಾಯಿತಲ್ಲೇ” ಎಂದಳು.

ಅಲ್ಲಿಗೆ ಗೆದ್ದೆವು ಎಂದಲ್ಲ. ಅದು ತೊಳೆದು ಶುದ್ಧ ಮಾಡಿದ ಡಿಎನ್‌ಎ. ಹಸಿ ರಕ್ತವನ್ನೇ ಹಾಕಿದರೆ ಅದರ ಕೆಂಪಿನಲ್ಲಿ ಗುಲಾಬಿ ಯಾವುದು, ಹಳದಿ ಯಾವುದು ಎಂದು ಬ್ರಹ್ಮನಿಗೂ ಹೇಳಲಾಗದು. ಕೊಟ್ಟಿಗೆಯಲ್ಲಿ ನಿಂತು ರಕ್ತ ತೊಳೆಯುವ ಸುಲಭದ ದಾರಿ ಸಿಗುವವರೆಗೆ ಥರ್ಮಾಸ್ ಥರ್ಮಾಸೇ. ಅದರ ಮೇಲೆ, ‘ಇಲ್ಲ’ ಎನ್ನಲು ಬೇಕಾದ ರಕ್ತದ ಸಮಸ್ಯೆ ಹಾಗೆಯೇ ಉಳಿದಿತ್ತು. ಸುತ್ತಲಿನ ಊರುಗಳಲ್ಲಿ ಗಟ್ಟಿಮುಟ್ಟಾಗಿ ಕಂಡ ದನಗಳನ್ನೇ ಆರಿಸಿ ತಂದ ರಕ್ತದಲ್ಲೂ ಮತ್ತೆ ಮತ್ತೆ ಅದೇ ತೆಳು ಗೆರೆ. ಉಣುಗು ಮುಟ್ಟದ ದನ ಬೇಕು. ಮಲೆನಾಡಿನಲ್ಲಿ ಅಂಥದ್ದು ಎಂದರೆ ಹುಟ್ಟಿ ಇನ್ನೂ ಹೊರಗೆ ಕಾಲಿಡದ ಕರು ಮಾತ್ರ. ಎಲೈಸಾ ಮಾಡುವುದಾದರೆ ಅದೂ ಆಗದು; ಗಿಣ್ಣಿನ ಹಾಲಿನಲ್ಲಿ ತಾಯಿಯ ಪ್ರತಿಕಾಯಗಳೆಲ್ಲ ಕರುವಿನ ಹೊಟ್ಟೆ ಸೇರಿರುತ್ತವೆ. ಪಿಸಿಆರ್‌ಗೆ ಅಡ್ಡಿಯಿಲ್ಲ. ಎಲ್ಲೋ ಅಪರೂಪಕ್ಕೆ ಪರೋಪಜೀವಿ ಗರ್ಭದಲ್ಲೇ ದಾಟುವುದುಂಟು, ಅದಕ್ಕೇ ಒಂದು ಕರುವನ್ನು ನಂಬಿ ಕೂರುವಂತಿಲ್ಲ. ಇದನ್ನೆಲ್ಲ ಹಪ್ಪಳದ ಮುಂದೆ ಕೂತು ಹೇಳಿದ್ದೆ. ಅಮ್ಮ ಕೇಳಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡಿರಲಿಲ್ಲ.

ಜುಲೈನ ಒಂದು ಬೆಳಗ್ಗೆ ಐದೂವರೆಗೆ ಫೋನ್. ಹಿಂದೆ ಹಂಚಿನ ಮೇಲೆ ಮಳೆ ಹೊಯ್ಯುವ ಸದ್ದು. “ರಾತ್ರಿ ಕರು ಹಾಕಿದ್ದಾಳೆ, ಹೆಣ್ಣು. ತಾಯಿಗೆ ಜ್ವರ ಇಲ್ಲ, ನೀನು ಕೊಟ್ಟ ಥರ್ಮಾಮೀಟರಿನಲ್ಲೇ ನೋಡಿದೆ. ಕರುವನ್ನು ಒಳಗಿನ ಕೋಣೆಯಲ್ಲಿ ಗೋಣಿ ಹಾಸಿ ಕಟ್ಟಿದ್ದೇನೆ, ದರಗು ಹಾಕಿಲ್ಲ. ಉಣುಗು ಹತ್ತುವುದರೊಳಗೆ ಡಾಕ್ಟರನ್ನು ಕರೆದುಕೊಂಡು ಬಾ.”

ಮೂರನೆಯ ದಿನ ಹೋದೆವು. ಈ ಸಲ ಅಮ್ಮ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಕರುವನ್ನು ಮಡಿಲಿಗೆ ಎಳೆದುಕೊಂಡು, ಅದರ ಬಾಯಿಗೆ ಎರಡು ಬೆರಳು ಕೊಟ್ಟು, ಮುಖ ಆಚೆಗೆ ತಿರುಗಿಸಿ ಕೂತಳು. ಎರಡೇ ಮಿಲಿಲೀಟರ್. ಹೊರಡುವಾಗ ನನ್ನ ಐಸ್ ಡಬ್ಬಿಯ ಮೇಲೆ ಒಂದು ಸ್ಟೀಲ್ ಡಬ್ಬಿ ಇಟ್ಟು ಚೀಲದ ಬಾಯಿ ಕಟ್ಟಿದಳು. ಏನೆಂದು ಕೇಳಿದರೆ, “ಗಿಣ್ಣು. ಕಂಡಕ್ಟರ್ ಕೇಳಿದರೆ ತೆಗೆದು ತೋರಿಸು” ಎಂದಳು.